ಎಷ್ಟು ಬಂತು?

ಸಂಶೋಧನಾ ವಿದ್ಯಾರ್ಥಿಗೆ ತಂತ್ರಜ್ಞಾನದ ನೆರವು ಎಂದರೆ ಈಗ ಒಂದೇ ಅರ್ಥ: ಪ್ರಬಂಧವನ್ನು ಹೋಲಿಕೆ ಪತ್ತೆಮಾಡುವ ತಂತ್ರಾಂಶಕ್ಕೆ ಹಾಕುವುದು, ಬಂದ ಶೇಕಡಾವನ್ನು ಹೇಗಾದರೂ ಇಳಿಸುವುದು. ಏನು ಕಂಡುಕೊಂಡೆ ಎಂದು ಯಾರೂ ಕೇಳುವುದಿಲ್ಲ. "ಎಷ್ಟು ಬಂತು?" ಎನ್ನುತ್ತಾರೆ, ಜ್ವರ ಹತ್ತಿದವರನ್ನು ವಿಚಾರಿಸುವ ಹಾಗೆ.

ಈ ಜ್ವರಮಾಪಕದ ಗುಣವೇ ವಿಚಿತ್ರ. ಅದು ಕಳ್ಳತನ ಅಳೆಯುವುದಿಲ್ಲ. ಬೇರೆಲ್ಲೋ ಇದೇ ಸಾಲಿನಲ್ಲಿ ಕೂತ ಪದಗಳನ್ನು ಎಣಿಸುತ್ತದೆ. ಹೆಸರು ಹೇಳಿ, ಉದ್ಧರಣ ಚಿಹ್ನೆ ಹಾಕಿ ಕೊಟ್ಟ ವಾಕ್ಯವೂ ಹೋಲಿಕೆ, ಗ್ರಂಥಸೂಚಿಯೂ ಹೋಲಿಕೆ, 'ಪ್ರಸ್ತುತ ಅಧ್ಯಯನದ ಉದ್ದೇಶವೇನೆಂದರೆ' ಎಂಬ ಸವಕಲು ಸಾಲೂ ಹೋಲಿಕೆ. ಉದ್ಧರಣೆ ಮತ್ತು ಗ್ರಂಥಸೂಚಿಯನ್ನು ಲೆಕ್ಕದಿಂದ ಬಿಡುವ ಆಯ್ಕೆ ಸೆಟ್ಟಿಂಗ್‌ನಲ್ಲೇ ಇರುತ್ತದೆ. ಅದನ್ನು ಹುಡುಕಿ ಒತ್ತುವಷ್ಟು ಪುರುಸೊತ್ತು ಯಾರಿಗಿದೆ? ಗ್ರಂಥಸೂಚಿಯನ್ನೇ ಕತ್ತರಿಸಿ ಬಿಸಾಡಿದರೆ ಸಲೀಸು. ಹೀಗೆ, ಆಧಾರ ಹೇಳಿದವನಿಗೆ ದಂಡ. ಇನ್ನೊಬ್ಬರ ವಿಚಾರವನ್ನು ಮಾತು ಬದಲಿಸಿ ಇಳಿಸಿದವನಿಗೆ ಪ್ರಮಾಣಪತ್ರ.

ಮಾತು ಬದಲಿಸಲೂ ತಂತ್ರಾಂಶವಿದೆ. ಪ್ರತಿ ಪದಕ್ಕೂ ಅದು ಸಮಾನಾರ್ಥಕ ಕೂರಿಸುತ್ತದೆ, ಅರ್ಥ ಏನಾಯಿತೆಂದು ನೋಡುವುದು ಅದರ ಕೆಲಸವಲ್ಲ. ಅಚ್ಚಾದ ಇಂಗ್ಲಿಷ್ ಪ್ರಬಂಧಗಳಿಂದ ಇಂಥ ಪದಗಳನ್ನು ಹೆಕ್ಕಿದ ಗಣಕ ವಿಜ್ಞಾನಿ ಗಿಯೋಮ್ ಕಬನಾಕ್ ಮತ್ತು ಸಂಗಡಿಗರು 2021ರಲ್ಲಿ ಅವಕ್ಕೆ 'ಚಿತ್ರಹಿಂಸೆ ಉಂಡ ನುಡಿಗಟ್ಟುಗಳು' ಎಂಬರ್ಥದ ಹೆಸರಿಟ್ಟರು. ಕೃತಕ ಬುದ್ಧಿಮತ್ತೆ ಅಲ್ಲಿ 'ನಕಲಿ ಪ್ರಜ್ಞೆ'ಯಾಗಿತ್ತು. ಸ್ತನ ಕ್ಯಾನ್ಸರ್ 'ಎದೆಯ ಗಂಡಾಂತರ'ವಾಗಿತ್ತು. ಹೋಲಿಕೆ ಸಿಗದಿದ್ದರೆ ಆಶ್ಚರ್ಯವೇನು, ಆ ರೋಗಕ್ಕೆ ಹಾಗೆ ಹೆಸರಿಡುವ ಧೈರ್ಯ ಯಾವ ವೈದ್ಯರಿಗೂ ಇರಲಿಲ್ಲವಲ್ಲ!

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಆಧಾರ ಹುಡುಕುವ ಕಷ್ಟವೂ ನೀಗಿತು. ಕೇಳಿದರೆ ಅದೇ ಹೊಸೆದು ಕೊಡುತ್ತದೆ. ಲೇಖಕರು ನಿಜ, ಪತ್ರಿಕೆ ನಿಜ, ಸಂಪುಟ ಮತ್ತು ಪುಟಸಂಖ್ಯೆಗಳು ನಂಬುವಂತಿವೆ. ಲೇಖನವೊಂದು ಮಾತ್ರ ಇಲ್ಲ. ಪರೀಕ್ಷಿಸುವುದು ಕಷ್ಟವಲ್ಲ. ಲೇಖನದ ಗುರುತಿಗೆಂದು ಕೊಡುವ ಡಿಒಐ ಸಂಖ್ಯೆಯನ್ನು ಡಿಒಐ ಜಾಲತಾಣದಲ್ಲಿ ಹಾಕಿದರೆ, ಒಂದೋ ಅದು ತೆರೆಯುವುದೇ ಇಲ್ಲ, ಇಲ್ಲವೇ ಕಪ್ಪೆಯ ಕುರಿತ ಪ್ರಬಂಧಕ್ಕೆ ಕಬ್ಬಿಣದ ಲೇಖನ ತೆರೆಯುತ್ತದೆ. ಡಿಒಐ ಇಲ್ಲದಿದ್ದರೆ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಗೂಗಲ್ ಸ್ಕಾಲರ್‌ನಲ್ಲಿ ಹುಡುಕಬೇಕು. ಅಲ್ಲೂ ಸಿಗದಿದ್ದರೆ ಪತ್ರಿಕೆಯ ಆ ಸಂಚಿಕೆಯ ಪರಿವಿಡಿ ನೋಡಬೇಕು. ಒಂದಕ್ಕೆ ಅರ್ಧ ನಿಮಿಷವೆಂದರೂ 30 ಆಧಾರಗಳಿಗೆ ಕಾಲು ಗಂಟೆ. ದಿನವಿಡೀ ನಡೆಯುವ ತರಬೇತಿ ಕಾರ್ಯಾಗಾರದಲ್ಲಿ ಆ ಕಾಲು ಗಂಟೆಗೆ ಎಡೆಯಿಲ್ಲ. ಸ್ಲೈಡಿನಲ್ಲಿ ಅಕ್ಷರಗಳನ್ನು ಗಿರಗಿರ ತಿರುಗಿಸಿ ಇಳಿಸುವುದಕ್ಕೆ ಒಂದು ಪೂರ್ತಿ ಅವಧಿ ಇದೆ.

ಆ ವಿದ್ಯೆಯ ಪ್ರದರ್ಶನ ಮಂಡನೆಯ ದಿನ. ಇಡೀ ಪುಟವನ್ನು 12 ಪಾಯಿಂಟಿನಲ್ಲಿ ಸ್ಲೈಡಿಗೆ ತುಂಬಿ, ಸಭೆಗೆ ಬೆನ್ನು ಹಾಕಿ ಪಾರಾಯಣ. ವಿಡಿಯೊ ಓಡುತ್ತದೆ, ದನಿ ಇಲ್ಲ. ಪ್ರೊಜೆಕ್ಟರಿಗೆ ಸಿಕ್ಕಿಸಿದ ವಿಜಿಎ ಕೇಬಲ್ ಚಿತ್ರವನ್ನಷ್ಟೇ ಒಯ್ಯುತ್ತದೆಂದು ಹೇಳಿಕೊಟ್ಟವರಿಲ್ಲ. ಹಳೆಯ ಫಾಂಟಿನಲ್ಲಿ ಟೈಪಿಸಿದ ಕನ್ನಡವಂತೂ, ಆ ಫಾಂಟಿಲ್ಲದ ಸಭಾಂಗಣದ ಕಂಪ್ಯೂಟರಿನಲ್ಲಿ ತಲೆಯ ಮೇಲೆ ಚುಕ್ಕಿ, ಗೀಟು ಹೊತ್ತ ರೋಮನ್ ಅಕ್ಷರಗಳ ಜಾತ್ರೆಯಾಗಿ ಬರುತ್ತದೆ. ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರಸಂಕೇತವಾದ ಯೂನಿಕೋಡಿನಲ್ಲಿ ಟೈಪಿಸಿ, ಒಂದು ಪಿಡಿಎಫ್ ಪ್ರತಿಯನ್ನೂ ಜೊತೆಗಿಟ್ಟುಕೊಂಡಿದ್ದರೆ ಮರ್ಯಾದೆ ಉಳಿಯುತ್ತಿತ್ತು.

ಆದರೆ ಹಾಗೆಂದು ಸಲಹೆ ಕೊಟ್ಟರೆ ವಿದ್ಯಾರ್ಥಿಗೆ ನಷ್ಟ. ಆ ಹಳೆಯ ಫಾಂಟಿನ ಕನ್ನಡ ಹೋಲಿಕೆ ಪತ್ತೆಯ ತಂತ್ರಾಂಶಕ್ಕೂ ರೋಮನ್ ಜಾತ್ರೆಯೇ. ಜಾಲದಲ್ಲಿರುವ ಯೂನಿಕೋಡ್ ಮೂಲದೊಂದಿಗೆ ಅದರ ಒಂದಕ್ಷರವೂ ತಾಳೆಯಾಗುವುದಿಲ್ಲ. ಹೀಗಾಗಿ ಪರದೆಯ ಮೇಲೆ ಯಾರಿಗೂ ಓದಲಾಗದ್ದು ಕುಣಿಯುತ್ತಿರುವಾಗ ಪರೀಕ್ಷಕರು ಕನ್ನಡಕ ಸರಿಪಡಿಸಿಕೊಂಡು ತಮ್ಮ ಏಕೈಕ ಪ್ರಶ್ನೆ ಕೇಳುತ್ತಾರೆ.

"ಸೊನ್ನೆ ಬಂತು ಸರ್."

ಸಭೆ ಚಪ್ಪಾಳೆ ತಟ್ಟುತ್ತದೆ.