ಗೋಡೆಗೆ ಚೀಟಿ, ನಳಕ್ಕೆ ಗಾಳಿ

ಹುಬ್ಬಳ್ಳಿ-ಧಾರವಾಡದವರು ಇನ್ನು ನೀರಿನ ಚಿಂತೆ ಬಿಡಬಹುದು. ಡಿಸೈನ್ ಥಿಂಕಿಂಗ್ ಎಂಬ, ಸಮಸ್ಯೆ ಬಿಡಿಸುವ ವಿಧಾನ ಬಂದಿದೆ. ಜನರ ಕಷ್ಟ ಅರಿ, ಸಮಸ್ಯೆ ಯಾವುದೆಂದು ಗೊತ್ತು ಮಾಡು, ಉಪಾಯ ಹುಡುಕು, ಸಣ್ಣ ಮಾದರಿ ಮಾಡು, ಪರೀಕ್ಷಿಸು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿನ್ಯಾಸ ಶಾಲೆ ಡಿ.ಸ್ಕೂಲ್ ಹೇಳಿಕೊಡುವ ಐದು ಹೆಜ್ಜೆ ಇವು. ಒಳ್ಳೆ ಮಾತೇ, ಅಲ್ಲಿಯವರೆಗೆ ತಕರಾರಿಲ್ಲ.

ಜನರ ಕಷ್ಟ ಅರಿಯಲು ನಮ್ಮಲ್ಲಿ ಮೊದಲು ಒಂದು ಎಸಿ ಹಾಲ್ ಹಿಡಿಯಬೇಕು. ಒಬ್ಬೊಬ್ಬರ ಮುಂದೆ ಒಂದೊಂದು ಬಾಟಲಿ ನೀರು. ಬೆಂಗಳೂರಿನ ಸಲಹೆಗಾರರು ಹಳದಿ ಚೀಟಿ ಹಂಚಿ, 'ಕಣ್ಣು ಮುಚ್ಚಿ, ನೀವೀಗ ಹಳೇ ಹುಬ್ಬಳ್ಳಿಯ ಗೃಹಿಣಿ' ಅನ್ನುತ್ತಾರೆ. ಸಾಹೇಬರು ಮುಚ್ಚುತ್ತಾರೆ. ಊಟದ ಮೇಲಾದರೆ ಸ್ವಲ್ಪ ಜಾಸ್ತಿ ಹೊತ್ತೇ ಮುಚ್ಚುತ್ತಾರೆ. ಎದ್ದು 'ಆತಂಕ' ಎಂದು ಬರೆದು ಗೋಡೆಗೆ ಹಚ್ಚುತ್ತಾರೆ.

ನಿಜವಾದ ಗೃಹಿಣಿಯನ್ನೇ ಕರೆಯಬಹುದಿತ್ತಲ್ವಾ? ಆಗುವುದಿಲ್ಲ. ಅವತ್ತು ಅವರ ಓಣಿಗೆ ನೀರು ಬರುವ ದಿನ. ಬ್ಯಾರೆಲ್, ಕೊಡ, ಬಕೆಟ್ ಮುಗಿದು ಸಾರಿನ ಪಾತ್ರೆಯೂ ತುಂಬಬೇಕು. ವಾಲ್‌ಮನ್‌ಗೂ ಕರೆ ಹೋಗಿರುವುದಿಲ್ಲ. ಯಾವ ಪೈಪ್ ಎಲ್ಲಿ ಸೋರುತ್ತದೆ, ಯಾವ ವಾಲ್ವ್ ಎಷ್ಟು ಸುತ್ತು ತಿರುವಿದರೆ ಓಣಿಯ ಕೊನೇ ಮನೆಗೆ ನೀರು ಮುಟ್ಟುತ್ತದೆ ಅನ್ನುವುದೆಲ್ಲ ಅವನ ತಲೆಯಲ್ಲಿದೆ. ಅವನು ಬಂದರೆ ಚಹಾದ ಹೊತ್ತಿಗೇ ಕೆಲಸ ಮುಗಿದುಬಿಡುತ್ತದೆ. ಸಲಹೆಗಾರರ ಎರಡು ದಿನದ ಬಿಲ್ ಏನಾಗಬೇಕು?

ಹಾಗಾಗಿ ಸಮಸ್ಯೆ ಹೀಗೆ ಗೊತ್ತಾಗುತ್ತದೆ: 'ನಾಗರಿಕರು ಮತ್ತು ನೀರಿನ ನಡುವೆ ಸಂವಹನದ ಕೊರತೆ'. ಉಪಾಯ: ಒಂದು ಆ್ಯಪ್.

ಮಾದರಿ ಮಾಡುವುದರಲ್ಲಿ ಮಾತ್ರ ನಾವು ಯಾರಿಗೂ ಕಡಿಮೆಯಿಲ್ಲ. ವಿಶ್ವಬ್ಯಾಂಕ್ ನೆರವಿನಲ್ಲಿ 2008ರಲ್ಲೇ ಅವಳಿನಗರದ ಕೆಲವು ಭಾಗಗಳಿಗೆ ದಿನದ 24 ಗಂಟೆ ನೀರು ಕೊಟ್ಟು ತೋರಿಸಿದ್ದೇವೆ. ಹೊಸ ಪೈಪ್ ಹಾಕಿದರು, ಮೀಟರ್ ಕೂರಿಸಿದರು, ನೀರು ಬಂತು. ಅದಕ್ಕೆ ಹಳದಿ ಚೀಟಿ ಬೇಕಾಗಿರಲಿಲ್ಲ. ಆ ವರ್ಷ ಹುಟ್ಟಿದ ಕೂಸು ಎಸ್ಸೆಸ್ಸೆಲ್ಸಿ ಮುಗಿಸಿದರೂ ಮಾದರಿ ಇಡೀ ಊರಿಗೆ ಮುಟ್ಟಲಿಲ್ಲ, ಅದು ಬೇರೆ ಮಾತು.

ಕೊನೆಗೆ ಪರೀಕ್ಷೆ. ಟ್ಯಾಬ್ ಹಿಡಿದ ಹುಡುಗ ಓಣಿಗೆ ಬರುತ್ತಾನೆ. 'ಅಕ್ಕಾರ, ನೀರು ಬರದಿದ್ದಾಗ ನಿಮಗೆ ಹೆಂಗ ಅನಸ್ತೈತಿ? ಒಂದರಿಂದ ಐದರೊಳಗ ಹೇಳ್ರಿ.'

'ಅದಿರಲಿ ತಮ್ಮಾ, ನಾಳೆ ನೀರು ಬಿಡ್ತಾರೇನು?'

ಟ್ಯಾಬ್‌ನಲ್ಲಿ ಅದಕ್ಕೆ ಜಾಗವಿಲ್ಲ. ಹುಡುಗ ಐದು ಒತ್ತಿ ಮುಂದಿನ ಮನೆಗೆ ಹೋಗುತ್ತಾನೆ.