ಜೋಮು

ಜಯನಗರದ ದೊಡ್ಡಮ್ಮನ ಮನೆಯಲ್ಲಿ ಮೊನ್ನೆ ಸತ್ಯನಾರಾಯಣ ಪೂಜೆಯಿತ್ತು. ನಾಲ್ಕನೆಯ ಅಧ್ಯಾಯದಲ್ಲಿ ವರ್ತಕನ ಹಡಗಿನ ಸರಕೆಲ್ಲ ಬಳ್ಳಿ, ಎಲೆಗಳಾಗುವ ಹೊತ್ತಿಗೆ ನನ್ನ ಎಡಗಾಲು ನನ್ನದಾಗಿ ಉಳಿದಿರಲಿಲ್ಲ. ಮಂಗಳಾರತಿಗೆಂದು ಎಲ್ಲರೊಡನೆ ಎದ್ದವನು, ಪಾದ ನೆಲ ಮುಟ್ಟಿತೋ ಇಲ್ಲವೋ ತಿಳಿಯದೆ, ಪಕ್ಕದ ಬೀರುವನ್ನು ಹಿಡಿದು ನಿಂತೆ. “ಜೋಮು ಹಿಡೀತೇನೋ? ಹೆಬ್ಬೆರಳು ಎಳ್ಕೋ, ಹೋಗತ್ತೆ” ಎಂದರು ದೊಡ್ಡಮ್ಮ.

ಜೋಮು ಬಹಳ ಉದಾರವಾದ ಮಾತು. ಕಾಲು ಸತ್ತಂತಾಗುವುದಕ್ಕೂ ಅದೇ, ಆಮೇಲೆ ಸಾವಿರ ಇರುವೆ ಹರಿದಂತಾಗುವುದಕ್ಕೂ ಅದೇ. ರಕ್ತ ಓಡುತ್ತಿಲ್ಲವೆಂದು ದೂರನ್ನೆಲ್ಲ ರಕ್ತದ ಮೇಲೆ ಹೊರಿಸುವುದು ನಮ್ಮ ರೂಢಿಯಾದರೂ ಅದು ಅರ್ಧ ನ್ಯಾಯ. ಮೊಣಕಾಲಿನ ಹೊರಬದಿಯಲ್ಲಿ, ಕೀಲಿಗಿಂತ ತುಸು ಕೆಳಗೆ, ಬೆರಳಿಟ್ಟು ಒತ್ತಿದರೆ ಗುಂಡಗಿನ ಗಂಟೊಂದು ಸಿಗುತ್ತದೆ. ಮೊಣಕಾಲಿನಿಂದ ಕೆಳಗಿಳಿಯುವ ಎರಡು ಮೂಳೆಗಳಲ್ಲಿ ತೆಳ್ಳನೆಯದರ ತಲೆ ಅದು. ಆ ತಲೆಯ ಕೆಳಗಿನ ಕುತ್ತಿಗೆಯನ್ನು ಬಳಸಿಕೊಂಡು, ಮಾಂಸದ ಮೆತ್ತೆಯ ಆಸರೆ ಅಷ್ಟಾಗಿ ಇಲ್ಲದೆ, ಚರ್ಮದಡಿಯಲ್ಲೇ ಒಂದು ನರ ಹಾದುಹೋಗುತ್ತದೆ. ಪಾದವನ್ನು ಮೇಲಕ್ಕೆತ್ತುವ ಸ್ನಾಯುಗಳಿಗೆ ಅಪ್ಪಣೆ ಕೊಡುವುದೂ, ಪಾದದ ಮೇಲ್ಭಾಗದ ಸ್ಪರ್ಶವನ್ನು ವರದಿ ಮಾಡುವುದೂ ಅದೇ. ಚಕ್ಕಳಮಕ್ಕಳ ಹಾಕಿ ಕೂತಾಗ ದೊಡ್ಡಮ್ಮನ ಮನೆಯ ರೆಡ್ ಆಕ್ಸೈಡ್ ನೆಲಕ್ಕೂ ಮೂಳೆಗೂ ನಡುವೆ ಸಿಕ್ಕಿಕೊಂಡ ಬಡಪಾಯಿ ಇದು. ಒತ್ತಡ ಹೆಚ್ಚಿ, ನರಕ್ಕೆ ರಕ್ತವುಣಿಸುವ ಸಣ್ಣ ನಾಳಗಳು ಹಿಸುಕಿದಾಗ ಮೊದಲು ಸೋಲುವುದು ಸ್ಪರ್ಶವನ್ನೂ ಕಾಲಿನ ಭಂಗಿಯನ್ನೂ ತಿಳಿಸುವ ದಪ್ಪ ತಂತುಗಳು. ಅವುಗಳಲ್ಲಿ ಅತಿ ಚುರುಕಾದವು ಸೆಕೆಂಡಿಗೆ ಸುಮಾರು 100 ಮೀಟರ್ ವೇಗದಲ್ಲಿ ಸುದ್ದಿ ಒಯ್ಯುತ್ತವೆ. ಮಂದವಾದ ನೋವನ್ನು ಸೆಕೆಂಡಿಗೆ 1 ಮೀಟರಿನಂತೆ ಹೊತ್ತು ಸಾಗುವ ಸಣಕಲು ತಂತುಗಳು ಇನ್ನಷ್ಟು ಹೊತ್ತು ತಾಳುತ್ತವೆ. ಸೌತ್ ಎಂಡ್ ವೃತ್ತದಲ್ಲಿ ಕಾರುಗಳೆಲ್ಲ ನಿಂತಿರುವಾಗ ನಡೆದುಹೋಗುವವನು ಮುಂದೆ ಸಾಗುವುದಿಲ್ಲವೇ, ಹಾಗೆ.

ದೇಹದ 206 ಮೂಳೆಗಳಲ್ಲಿ ಎರಡು ಪಾದಗಳಿಗೇ 52 ಸಂದಿವೆ. ಪಾದವೆಂದರೆ ಕಾಲು ಭಾಗವೆಂಬ ಅರ್ಥವೂ ಇರುವುದರಿಂದ (ಒಂದೂಕಾಲು ಅಳತೆಯ ಪ್ರಸಾದ ಸಪಾದವಾದದ್ದು ಹಾಗೆಯೇ) ಈ ಲೆಕ್ಕ ನನಗೆ ಬಹಳ ಇಷ್ಟ. ಕಾಲನ್ನು ಮಡಿಸಿ ಹೊರಕ್ಕೆ ಹೊರಳಿಸಲು ನೆರವಾಗುವ ಸ್ನಾಯುವಿನ ಹೆಸರು ಸಾರ್ಟೋರಿಯಸ್. ಸೊಂಟದ ಮೂಳೆಯ ಮುಂದುಗಡೆಯಿಂದ ಹೊರಟು, ತೊಡೆಯ ಮೇಲೆ ಓರೆಯಾಗಿ ಇಳಿದು, ಮೊಣಕಾಲಿನ ಒಳಬದಿಯ ಕೆಳಗೆ ಅಂಟಿಕೊಳ್ಳುವ ಅದು ದೇಹದಲ್ಲೇ ಅತಿ ಉದ್ದವಾದ ಸ್ನಾಯು. ಲ್ಯಾಟಿನ್‌ನಲ್ಲಿ ಸಾರ್ಟರ್ ಎಂದರೆ ದರ್ಜಿ. ಅಲ್ಲಿನ ದರ್ಜಿಗಳು ಕಾಲು ಮಡಿಸಿ ಕೂತು ಹೊಲಿಯುತ್ತಿದ್ದರಂತೆ. ನಮ್ಮ ಚಿಕ್ಕಪೇಟೆಯ ದರ್ಜಿಗಳು ಸ್ಟೂಲಿನ ಮೇಲೆ ಕೂತು ಪೆಡಲು ತುಳಿಯುವವರಾದ್ದರಿಂದ, ಇಲ್ಲಿ ಆ ಹೆಸರು ಪುರೋಹಿತರಿಗೆ ಸಲ್ಲಬೇಕು.

ಬೀರು ಹಿಡಿದು ನಿಂತಂತೆ ಒತ್ತಡ ತಪ್ಪಿ, ಅದುವರೆಗೆ ಮೂಕವಾಗಿದ್ದ ತಂತುಗಳು ಯಾರೂ ಕೇಳದಿದ್ದರೂ ಒಟ್ಟಿಗೆ ವರದಿ ಒಪ್ಪಿಸತೊಡಗಿದವು, ಇರುವೆಗಳೆಂದರೆ ಅವೇ. ಹೆಬ್ಬೆರಳನ್ನೂ ಎಳೆದೆ. ಎಳೆದದ್ದರಿಂದ ಹೋಯಿತೋ, ಎಳೆಯುತ್ತಿರುವಾಗ ತಾನೇ ಹೋಯಿತೋ, ದೊಡ್ಡಮ್ಮನೊಡನೆ ವಾದಿಸುವ ಧೈರ್ಯ ನನಗಿಲ್ಲ.

ಎಪ್ಪತ್ತು ದಾಟಿದ ಅವರು ಕಥೆಯುದ್ದಕ್ಕೂ ನೆಲದ ಮೇಲೆಯೇ ಕೂತಿದ್ದು, ಯಾರ ಕೈಯನ್ನೂ ಹಿಡಿಯದೆ ಎದ್ದಿದ್ದರು. ಆಗ ನೆನಪಾಯಿತು: ಪ್ರತಿ ಅಧ್ಯಾಯದ ಕೊನೆಗೆ ಗಂಟೆ ಬಾರಿಸಿದಾಗ ಅವರು ಕೈ ಮುಗಿಯುತ್ತಲೇ, ಸೆರಗು ಸರಿಪಡಿಸುವ ನೆವದಲ್ಲಿ, ಕೆಳಗಿನ ಕಾಲನ್ನು ಮೇಲಕ್ಕೆ, ಮೇಲಿನದನ್ನು ಕೆಳಕ್ಕೆ ಮಾಡಿಕೊಳ್ಳುತ್ತಿದ್ದರು. ಸಪಾದದ ದೊನ್ನೆ ತಂದವರು ನನಗೆ ಚಾಪೆ ತೋರಿಸಲಿಲ್ಲ. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದು ಹಾಕಿದರು.