ಸತ್ಯಾಂಶ: ಅಬ್ಲೇಷನ್ ಆದರೆ ಮಾತ್ರೆ ಬೇಡವೇ?

“ಅಬ್ಲೇಷನ್ ಮಾಡಿಸಿದರೆ ಹೃದಯದ ಬಡಿತ ಶಾಶ್ವತವಾಗಿ ಸರಿ, ಮಾತ್ರೆಯೇ ಬೇಡ” ಎಂಬ ಸಂದೇಶ ಉಡುಪಿಯ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿತ್ತು. ಅದನ್ನು ನಂಬಿ ಮಲ್ಪೆಯ ದೊಡ್ಡಪ್ಪ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ಕನ್ನಡಕದ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದರು. ಕಂಡು ನನ್ನ ಎದೆ ಧಸಕ್ಕೆಂದಿತು.

ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಬಡಿಯುವ ಕಾಯಿಲೆಯಾದ ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ತಾಳ ತಪ್ಪಿಸುವ ವಿದ್ಯುತ್ ಸಂಕೇತಗಳು ಹೆಚ್ಚಾಗಿ ಶ್ವಾಸಕೋಶದಿಂದ ಹೃದಯಕ್ಕೆ ಬರುವ ರಕ್ತನಾಳಗಳ ಬುಡದಲ್ಲಿ ಹುಟ್ಟುತ್ತವೆ. ಅಲ್ಲಿ ಗಾಯದ ಕಲೆಯಿಂದ ಬೇಲಿ ಕಟ್ಟುವುದೇ ಅಬ್ಲೇಷನ್. ಆ ಬೇಲಿಯಲ್ಲಿ ಮತ್ತೆ ಕಿಂಡಿ ಬೀಳಬಹುದು. ಕೆಲವರಿಗೆ ಎರಡನೇ ಬಾರಿ ಮಾಡಬೇಕಾಗುತ್ತದೆ. 2019ರಲ್ಲಿ ಪ್ರಕಟವಾದ, 2,204 ರೋಗಿಗಳ ಕಬಾನಾ ಅಧ್ಯಯನದಲ್ಲಿ ಔಷಧಕ್ಕೆ ಹೋಲಿಸಿದರೆ ಮರುಕಳಿಕೆ ಸುಮಾರು ಅರ್ಧಕ್ಕೆ ಇಳಿಯಿತು. ಅದು ದೊಡ್ಡ ನೆಮ್ಮದಿಯೇ. ಆದರೆ ರಕ್ತ ಹೆಪ್ಪುಗಟ್ಟಿ ಬರುವ ಪಾರ್ಶ್ವವಾಯುವಿನ ಅಪಾಯ ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನೂ ಅವಲಂಬಿಸಿದೆ. ಮಾತ್ರೆ ನಿಲ್ಲಿಸುವ ತೀರ್ಮಾನ ವೈದ್ಯರದ್ದು. ದೊಡ್ಡಪ್ಪನನ್ನು ಮರುದಿನವೇ ಕರೆದುಕೊಂಡು ಹೋದೆ.